ಬರ್ಲಿಂಗ್ಟನ್ ರೂಕಿ ತಂಡ: ಹೆಸರು ಮೂರು, ಮೈದಾನ ಒಂದು. ಹಳೆಯ ಇತಿಹಾಸ ಯಾರ ಪಾಲಿಗೆ?

ಕ್ಯಾರಿ ರಘು:
ಎಲ್ಲರಿಗೂ ನಮಸ್ಕಾರ. ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಮಗನಿಗೆ ಈಗ ಬೇಸ್‌ಬಾಲ್ ಹುಚ್ಚು. ಡರ್ಹಮ್ ಬುಲ್ಸ್ ಆಟಕ್ಕೆ ಆಗಾಗ ಹೋಗುತ್ತೇವೆ. ಈ ಸಲ ಬೇರೆ ಏನಾದರೂ ನೋಡೋಣ ಅಂತ ಬರ್ಲಿಂಗ್ಟನ್‌ಗೆ ಹೋಗಿದ್ದೆವು. ಅಲ್ಲಿನ ತಂಡದ ಹೆಸರು ಸಾಕ್ ಪಪೆಟ್ಸ್. ಹೌದು, ಕಾಲುಚೀಲದ ಗೊಂಬೆಗಳು. ನಗಬೇಡಿ.

ಪಕ್ಕದಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಮಗನಿಗೆ "ಜಿಮ್ ಥೋಮಿ, ಮ್ಯಾನಿ ರಾಮಿರೆಜ್ ಇಬ್ಬರೂ ಇದೇ ಮೈದಾನದಲ್ಲಿ ಹುಡುಗರಾಗಿ ಆಡಿದವರು" ಅಂದರು. ಅವನಿಗೆ ಖುಷಿಯೋ ಖುಷಿ. ಮರುದಿನ ಆಫೀಸಿನಲ್ಲಿ ಇದನ್ನು ಹೇಳಿದರೆ ಒಬ್ಬ ಸಹೋದ್ಯೋಗಿ "ಅದೆಲ್ಲ ಹಳೇ ರೂಕಿ ತಂಡದ ಕಥೆ. ಈಗ ಇರುವುದು ಕಾಲೇಜು ಹುಡುಗರ ಬೇಸಿಗೆ ತಂಡ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂತ ತಣ್ಣೀರು ಎರಚಿದ.

ಯಾರದು ಸರಿ? ತಿಳಿದವರು ಹೇಳಿ.

ಹಾಸನದ ಹೈದ:
ಬರ್ಲಿಂಗ್ಟನ್ ಅಂದ್ರೆ ವರ್ಮಾಂಟ್‌ನದ್ದು ಅಲ್ವಾ?

ಕ್ಯಾರಿ ರಘು:
ಅಲ್ಲ ಗುರು. ಅಲಮಾನ್ಸ್ ಕೌಂಟಿ. ಡರ್ಹಮ್ ಬಿಟ್ಟು ಗ್ರೀನ್ಸ್‌ಬರೋ ಕಡೆ ಹೋಗುವಾಗ ಸಿಗುವ ಊರು.

ಬೇಸ್‌ಬಾಲ್ ಭಟ್ಟ:
ಆ ಅಜ್ಜ ಹೇಳಿದ್ದು ನೂರಕ್ಕೆ ನೂರು ನಿಜ. ಕಥೆ ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಅಪಲಾಚಿಯನ್ ಲೀಗ್ ಅಂತ ಒಂದಿದೆ. ವರ್ಜೀನಿಯಾ, ವೆಸ್ಟ್ ವರ್ಜೀನಿಯಾ, ಟೆನೆಸ್ಸಿಯ ಗುಡ್ಡಗಾಡಿನ ಸಣ್ಣ ಊರುಗಳ ಲೀಗ್. 1963ರಿಂದ 2020ರ ತನಕ ಅದು ರೂಕಿ ಮಟ್ಟದ್ದು. ಬರ್ಲಿಂಗ್ಟನ್ ಅದಕ್ಕೆ ಸೇರಿದ್ದು 1986ರಲ್ಲಿ, ಮೇಜರ್ ಲೀಗ್‌ನ, ಅಂದ್ರೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್‌ನ, ಕ್ಲೀವ್‌ಲ್ಯಾಂಡ್ ಇಂಡಿಯನ್ಸ್‌ನ ಮರಿ ತಂಡವಾಗಿ. ಹೆಸರೂ ಬರ್ಲಿಂಗ್ಟನ್ ಇಂಡಿಯನ್ಸ್. 1987ರಲ್ಲೇ ಲೀಗ್ ಗೆದ್ದಿತು, 1993ರಲ್ಲಿ ಮತ್ತೆ. 2006ರ ತನಕ ಕ್ಲೀವ್‌ಲ್ಯಾಂಡ್ ಜೊತೆ. 2007ರಿಂದ ಕಾನ್ಸಾಸ್ ಸಿಟಿ ರಾಯಲ್ಸ್ ಜೊತೆ, ಆಗ ಬರ್ಲಿಂಗ್ಟನ್ ರಾಯಲ್ಸ್. ಕೊನೆಯ ವರ್ಷಗಳಲ್ಲಿ ಲೀಗಿನಲ್ಲಿದ್ದ 10 ತಂಡಗಳಲ್ಲಿ ನಾರ್ತ್ ಕ್ಯಾರೊಲೈನಾದ್ದು ಇದೊಂದೇ.

ಈಗ ಥೋಮಿ ವಿಷಯ. ಇದು ನನಗೆ ತುಂಬಾ ಇಷ್ಟವಾದ ಕಥೆ. 1989ರ ಡ್ರಾಫ್ಟ್‌ನಲ್ಲಿ (ಮೇಜರ್ ಲೀಗ್ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ಅವನನ್ನು 13ನೇ ಸುತ್ತಿನಲ್ಲಿ ಆರಿಸಿದರು. ಅಂದ್ರೆ ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. ಆ ಬೇಸಿಗೆ ಫ್ಲಾರಿಡಾದ ಗಲ್ಫ್ ಕೋಸ್ಟ್ ಲೀಗ್‌ನಲ್ಲಿ ಆಡಿದ. ಹೋಮ್ ರನ್ ಎಷ್ಟು? ಸೊನ್ನೆ. ಸರಾಸರಿ .237, ಅಂದ್ರೆ ಸಾವಿರ ಸಲ ಬ್ಯಾಟ್ ಹಿಡಿದರೆ 237 ಹಿಟ್. ಮರುವರ್ಷ ಬರ್ಲಿಂಗ್ಟನ್‌ಗೆ ಬಂದ. 34 ಆಟ, 12 ಹೋಮ್ ರನ್, ಸರಾಸರಿ .373! ಅಲ್ಲಿಂದ ಮೇಲೆ ಹತ್ತಿದವನು ಕೊನೆಗೆ ಮೇಜರ್ ಲೀಗ್‌ನಲ್ಲಿ 612 ಹೋಮ್ ರನ್ ಹೊಡೆದ. 2018ರಲ್ಲಿ ಹಾಲ್ ಆಫ್ ಫೇಮ್, ಅಂದ್ರೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ. ಸೊನ್ನೆಯಿಂದ 12ಕ್ಕೆ ಏರಿದ ಆ ಜಾಗ ನಿಮ್ಮ ಮಗ ಕೂತು ಪಾಪ್‌ಕಾರ್ನ್ ತಿಂದ ಜಾಗವೇ.

ಮ್ಯಾನಿ ರಾಮಿರೆಜ್ ಬಂದಿದ್ದು 1991ರಲ್ಲಿ. ಅವನು ಮೊದಲ ಸುತ್ತಿನ 13ನೇ ಆಯ್ಕೆ, ನ್ಯೂಯಾರ್ಕ್ ಹೈಸ್ಕೂಲ್ ಹುಡುಗ. 59 ಆಟದಲ್ಲಿ 19 ಹೋಮ್ ರನ್. ಇನ್ನು ಪಿಚರ್‌ಗಳು, ಅಂದ್ರೆ ಚೆಂಡು ಎಸೆಯುವವರು: ಬಾರ್ಟೊಲೊ ಕೊಲೋನ್ 1994ರಲ್ಲಿ, ಸಿ.ಸಿ. ಸಬಾತಿಯಾ 1998ರಲ್ಲಿ. ಸಬಾತಿಯಾ 251 ಗೆಲುವು ಕಂಡು 2025ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಒಂದು ಸಣ್ಣ ಊರಿಗೆ ಇನ್ನೇನು ಬೇಕು?

ಹಾಸನದ ಹೈದ:
ಭಟ್ರೇ, ಈ ರೂಕಿ ಮಟ್ಟ ಅಂದ್ರೇನು? ನಮ್ಮ ಕೆಎಸ್‌ಸಿಎ ಡಿವಿಷನ್ ಲೀಗ್ ತರಹ ಕೆಳಗಿನಿಂದ ಮೇಲಕ್ಕೆ ಬರೋದಾ? ಗೆದ್ದ ತಂಡ ಮೇಲಿನ ಡಿವಿಷನ್‌ಗೆ ಹೋಗುತ್ತಾ?

ಸುಮಾ ಡರ್ಹಮ್:
ಇಲ್ಲ, ಅಲ್ಲೇ ವ್ಯತ್ಯಾಸ. ಇಲ್ಲಿ ತಂಡ ಮೇಲೆ ಹೋಗಲ್ಲ, ಆಟಗಾರ ಮಾತ್ರ ಹೋಗ್ತಾನೆ. ತಂಡ ಸತತ ಹತ್ತು ವರ್ಷ ಗೆದ್ದರೂ ರೂಕಿ ಲೀಗ್‌ನಲ್ಲೇ ಇರುತ್ತೆ.

ಮೇಜರ್ ಲೀಗ್‌ನ ಪ್ರತಿ ತಂಡಕ್ಕೂ ಕೆಳಗೆ ಒಂದು ಏಣಿ ಇದೆ, ಅದೇ ಮೈನರ್ ಲೀಗ್. ತುದಿಯಲ್ಲಿ ಟ್ರಿಪಲ್ ಎ, ನಮ್ಮ ಡರ್ಹಮ್ ಬುಲ್ಸ್ ಇರುವ ಮೆಟ್ಟಿಲು. ಆಮೇಲೆ ಡಬಲ್ ಎ, ಹೈ ಎ, ಲೋ ಎ. ಎಲ್ಲದಕ್ಕಿಂತ ಕೆಳಗೆ ರೂಕಿ. ಹೈಸ್ಕೂಲ್ ಮುಗಿಸಿ ನೇರ ಬಂದವರು, ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾದ 17-18 ವರ್ಷದ ಹುಡುಗರು, ಹೀಗೆ. ಜೂನ್ ಮೊದಲ ವಾರ ಡ್ರಾಫ್ಟ್ ಆಗುತ್ತಿತ್ತು. ಸಹಿ ಹಾಕಿದ ಹುಡುಗ ಅದೇ ತಿಂಗಳ ಕೊನೆಗೆ ಬರ್ಲಿಂಗ್ಟನ್‌ನಲ್ಲಿ ಪ್ಯಾಡ್... ಅಲ್ಲಲ್ಲ, ಗ್ಲೌಸ್ ಹಾಕಿಕೊಂಡು ನಿಂತಿರುತ್ತಿದ್ದ. ಅದಕ್ಕೇ ಈ ಲೀಗ್ ಜೂನ್ ಕೊನೆಗೆ ಶುರುವಾಗಿ ಬೇಸಿಗೆ ಮುಗಿಯುವಷ್ಟರಲ್ಲಿ ಮುಗಿದುಹೋಗುತ್ತಿತ್ತು.

ಇನ್ನೊಂದು ವಿಷಯ. ಆಟಗಾರರು, ಕೋಚ್‌ಗಳು, ಅವರ ಸಂಬಳ ಎಲ್ಲ ಮೇಲಿನ ತಂಡದ್ದು. ಊರಿನ ಮಾಲೀಕರ ಪಾಲಿಗೆ ಟಿಕೆಟ್, ಬಿಯರ್, ಹಾಟ್ ಡಾಗ್ ಮತ್ತು ಮಳೆ ಬಂದರೆ ಹುಲ್ಲಿಗೆ ಟಾರ್ಪಾಲು ಎಳೆಯುವ ಕೆಲಸ.

ರಾಯಲ್ ರಾಜೀವ:
ಭಟ್ರು ಕ್ಲೀವ್‌ಲ್ಯಾಂಡ್ ಕಥೆ ಮಾತ್ರ ಹೇಳಿದ್ರು. ರಾಯಲ್ಸ್ ಕಾಲವನ್ನು ಮರೀಬೇಡಿ. 2015ರಲ್ಲಿ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಫೈನಲ್) ಗೆದ್ದ ಮೈಕ್ ಮುಸ್ಟಾಕಸ್, ಎರಿಕ್ ಹಾಸ್ಮರ್ ಇಬ್ಬರೂ ಬರ್ಲಿಂಗ್ಟನ್‌ನಲ್ಲಿ ಆಡಿದವರೇ.

ಬೇಸ್‌ಬಾಲ್ ಭಟ್ಟ:
ತಪ್ಪು. ಅದು ಅಯೋವಾದ ಬರ್ಲಿಂಗ್ಟನ್!

ಈ ಗೊಂದಲ ಎಲ್ಲ ಕಡೆ ಇದೆ. ಅಯೋವಾದ ಬರ್ಲಿಂಗ್ಟನ್ ಬೀಸ್ ಕೂಡ 2010ರ ತನಕ ಕಾನ್ಸಾಸ್ ಸಿಟಿಯ ಮರಿ ತಂಡ. ಮಿಡ್‌ವೆಸ್ಟ್ ಲೀಗ್, ರೂಕಿಗಿಂತ ಮೇಲಿನ ಮೆಟ್ಟಿಲು. 2007ರಿಂದ 2010ರ ತನಕ ಒಂದೇ ಯಜಮಾನನಿಗೆ ಎರಡು ಬರ್ಲಿಂಗ್ಟನ್. ಮುಸ್ಟಾಕಸ್ 2008ರಲ್ಲಿ, ಹಾಸ್ಮರ್ 2009ರಲ್ಲಿ ಆಡಿದ್ದು ಅಲ್ಲಿ. ಅವರಿಬ್ಬರ ರೂಕಿ ದಿನಗಳು ಕಳೆದಿದ್ದು ಕಾನ್ಸಾಸ್ ಸಿಟಿಯ ಇನ್ನೊಂದು ರೂಕಿ ತಂಡ ಇದ್ದ ಐಡಹೋ ಫಾಲ್ಸ್‌ನಲ್ಲಿ.

ರಾಯಲ್ ರಾಜೀವ:
ಹಾಗಾದ್ರೆ ವಿಲ್ ಮೈಯರ್ಸ್ ಹೇಳಿ. 2009ರಲ್ಲಿ ಇದೇ ಬರ್ಲಿಂಗ್ಟನ್. ಅದೂ ನಮ್ಮ ನಾರ್ತ್ ಕ್ಯಾರೊಲೈನಾ ಹುಡುಗ, ಥಾಮಸ್‌ವಿಲ್‌ನಲ್ಲಿ ಹುಟ್ಟಿ ಹೈ ಪಾಯಿಂಟ್‌ನಲ್ಲಿ ಓದಿದವನು. 2013ರಲ್ಲಿ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ವರ್ಷದ ಹೊಸ ಆಟಗಾರ.

ಬೇಸ್‌ಬಾಲ್ ಭಟ್ಟ:
ನಾಲ್ಕೇ ಆಟ ಆಡಿದ್ದು. ಆಮೇಲೆ ಅವನೂ ಐಡಹೋ ಫಾಲ್ಸ್‌ಗೆ.

ರಾಯಲ್ ರಾಜೀವ:
ನಾಲ್ಕು ಆಟ ಲೆಕ್ಕಕ್ಕಿಲ್ವಾ? ರಣಜಿಯಲ್ಲಿ ಒಂದೇ ಪಂದ್ಯ ಆಡಿದವರೂ ಜೀವನ ಪೂರ್ತಿ ಹೇಳ್ಕೊಂಡು ಓಡಾಡಲ್ವಾ?

ಕ್ಯಾರಿ ರಘು:
ಎಲ್ಲರಿಗೂ ಧನ್ಯವಾದ. ಆದರೆ ನನ್ನ ಪ್ರಶ್ನೆ ಉಳಿದೇ ಇದೆ. ಈಗಿನ ತಂಡ ಆ ತಂಡವೇನಾ, ಅಲ್ವಾ?

ನೇರ ಮಾತು:
ಅಲ್ಲ. ನಿಮ್ಮ ಸಹೋದ್ಯೋಗಿ ಹೇಳಿದ್ದೇ ಸರಿ.

2020ರಲ್ಲಿ ಕೋವಿಡ್‌ನಿಂದ ಮೈನರ್ ಲೀಗ್ ಸೀಸನ್ನೇ ನಡೆಯಲಿಲ್ಲ. ಅದೇ ಹೊತ್ತಿಗೆ ಮೇಜರ್ ಲೀಗ್ ತನ್ನ ಮರಿ ತಂಡಗಳನ್ನು 160ರಿಂದ 120ಕ್ಕೆ ಇಳಿಸಿತು. ಅಪಲಾಚಿಯನ್ ಲೀಗ್ ಪೂರ್ತಿ ಹೋಯಿತು. 2021ರಿಂದ ಅದು ಕಾಲೇಜು ಹುಡುಗರ ಲೀಗ್. ಮೊದಲ, ಎರಡನೇ ವರ್ಷದ ವಿದ್ಯಾರ್ಥಿಗಳು, ಸಂಬಳ ಇಲ್ಲ. ಕಾಲೇಜಿನಲ್ಲಿ ಲೋಹದ ಬ್ಯಾಟ್ ಹಿಡಿದು ರೂಢಿ ಇರುವವರು ಬೇಸಿಗೆಯಲ್ಲಿ ಮರದ ಬ್ಯಾಟ್ ಹಿಡಿದು ಅಭ್ಯಾಸ ಮಾಡಲು ಬರುತ್ತಾರೆ. ಥೋಮಿ ಆಡಿದ್ದು ವೃತ್ತಿಪರ ಬೇಸ್‌ಬಾಲ್. ಇವರು ಆಡುವುದು ರಜೆಯ ಕ್ಯಾಂಪ್. ಹೆಸರು, ಲೀಗಿನ ಮಟ್ಟ, ಆಟಗಾರರು, ಸಂಬಳ, ಯಜಮಾನ ಎಲ್ಲ ಬದಲಾದ ಮೇಲೆ ಇತಿಹಾಸ ಮಾತ್ರ ಹೇಗೆ ಉಳಿಯುತ್ತೆ?

ಸುಮಾ ಡರ್ಹಮ್:
ಆ ಲೆಕ್ಕದಲ್ಲಿ 2006ರ ತಂಡ, 2007ರ ತಂಡ ಕೂಡ ಬೇರೆ ಬೇರೆ. ಆಗಲೂ ಹೆಸರು ಬದಲಾಯಿತು, ಯಜಮಾನ ಬದಲಾದ. ಆಟಗಾರರಂತೂ ರೂಕಿ ಲೀಗ್‌ನಲ್ಲಿ ಪ್ರತಿ ವರ್ಷ ಬದಲಾಗ್ತಾರೆ. ಚೆನ್ನಾಗಿ ಆಡಿದವನು ಮೇಲೆ ಹೋಗ್ತಾನೆ, ಆಡದವನು ಮನೆಗೆ ಹೋಗ್ತಾನೆ. ಉಳಿಯೋದು ಊರು, ಮೈದಾನ, ನೋಡಲು ಬರೋ ಜನ. ಆ ಅಜ್ಜ ಮೂರೂ ಹೆಸರಿನ ಟೋಪಿ ಹಾಕಿರ್ತಾರೆ ಬೇಕಾದ್ರೆ ನೋಡಿ.

ಬೇಸ್‌ಬಾಲ್ ಭಟ್ಟ:
ಸುಮಾ ಮೇಡಂ, ಮೈದಾನ ಉಳಿಯುತ್ತೆ ಅಂದ್ರಲ್ಲ, ಆ ಮೈದಾನದ ಕಥೆ ಗೊತ್ತಾ? ಅದು ಬರ್ಲಿಂಗ್ಟನ್‌ದೇ ಅಲ್ಲ!

ಗಡಿಯಾಚೆ ವರ್ಜೀನಿಯಾದಲ್ಲಿ ಡ್ಯಾನ್‌ವಿಲ್ ಅಂತ ಊರಿದೆ. ಅಲ್ಲಿ ಡ್ಯಾನ್‌ವಿಲ್ ಲೀಫ್ಸ್ ಅಂತ ಕ್ಯಾರೊಲೈನಾ ಲೀಗ್ (ಇನ್ನೊಂದು ಮೈನರ್ ಲೀಗ್) ತಂಡ ಇತ್ತು. 1958ರಲ್ಲಿ ಅದು ಮುಚ್ಚಿಹೋಯಿತು. ಬರ್ಲಿಂಗ್ಟನ್‌ನವರು 5,000 ಡಾಲರ್ ಕೊಟ್ಟು ಅಲ್ಲಿನ ಸ್ಟೇಡಿಯಂನ ಗ್ಯಾಲರಿಯನ್ನೇ ಕೊಂಡರು. ಬಿಚ್ಚಿ, ತಂದು, ಮತ್ತೆ ಜೋಡಿಸಿದರು. 1960ರಿಂದ ಅದರಲ್ಲೇ ಆಟ. ರಘು ಅವರೇ, ನೀವು ಕೂತಿದ್ದು ಪಕ್ಕದ ರಾಜ್ಯದಿಂದ ಬಂದ ಗ್ಯಾಲರಿಯಲ್ಲಿ.

ಹಾಸನದ ಹೈದ:
ಯಪ್ಪಾ! ಸ್ಟೇಡಿಯಂ ಸೆಕೆಂಡ್ ಹ್ಯಾಂಡಾ?

ನೇರ ಮಾತು:
ಹಾಗಾದ್ರೆ ಸುಮಾ ಅವರ ಲೆಕ್ಕದ ಪ್ರಕಾರ ಡ್ಯಾನ್‌ವಿಲ್ ಇತಿಹಾಸವೂ ಬರ್ಲಿಂಗ್ಟನ್‌ಗೆ ಸೇರಬೇಕು. 1956ರಲ್ಲಿ, ಮುಂದೆ ಹಾಲ್ ಆಫ್ ಫೇಮ್ ಸೇರಿದ ವಿಲ್ಲಿ ಮಕೋವಿ ಡ್ಯಾನ್‌ವಿಲ್‌ಗೆ ಆಡಿದ್ದ. ಅದೇ ವರ್ಷ ಅವನ ಜೊತೆಗಾರ ಲಿಯಾನ್ ವ್ಯಾಗ್ನರ್ 51 ಹೋಮ್ ರನ್ ಹೊಡೆದ. ಅವರನ್ನೂ ಬರ್ಲಿಂಗ್ಟನ್ ಲೆಕ್ಕಕ್ಕೆ ಬರ್ಕೋತೀರಾ?

ಸುಮಾ ಡರ್ಹಮ್:
ಬರ್ಕೋಬಾರದು ಅಂತ ಏನಿದೆ? 😄 ತಮಾಷೆ ಬಿಡಿ. ನಾನು ಹೇಳಿದ್ದು ಊರು ಮತ್ತು ಜನ. ಹಲಗೆ, ಕಬ್ಬಿಣ ಅಲ್ಲ.

ಊರಿನ ಲೆಕ್ಕದಲ್ಲಿ ಹೋದ್ರೆ 1986ಕ್ಕಿಂತ ಹಿಂದೆಯೂ ಕಥೆ ಇದೆ. ಕ್ಯಾರೊಲೈನಾ ಲೀಗ್ ಕಾಲದಲ್ಲೂ ಬರ್ಲಿಂಗ್ಟನ್‌ಗೆ ತಂಡ ಇತ್ತು, ಆಗಲೂ ಕ್ಲೀವ್‌ಲ್ಯಾಂಡ್ ನಂಟು. 1963ರಲ್ಲಿ ಕ್ಯೂಬಾದ ಪಿಚರ್ ಲೂಯಿಸ್ ಟಿಯಾಂಟ್ ಇಲ್ಲಿ ಆಡಿದ್ದ. ಮುಂದೆ ಮೇಜರ್ ಲೀಗ್‌ನಲ್ಲಿ 229 ಗೆಲುವು ಕಂಡ. 1972ಕ್ಕೆ ಆ ಅಧ್ಯಾಯ ಮುಗೀತು. ರೂಕಿ ತಂಡ ಬರುವ ತನಕ 14 ವರ್ಷ ಊರಿನಲ್ಲಿ ವೃತ್ತಿಪರ ತಂಡವೇ ಇರಲಿಲ್ಲ. ಅದಕ್ಕೇ 1986 ಅಲ್ಲಿನವರಿಗೆ ದೊಡ್ಡ ವಿಷಯ.

ಜಿ.ಎನ್. ಮೂರ್ತಿ:
ಡ್ಯಾನ್‌ವಿಲ್‌ನವರು ಸ್ಟೇಡಿಯಂ ಮಾರಿ ಕೈ ತೊಳೆದುಕೊಂಡರು ಅಂದುಕೊಳ್ಳಬೇಡಿ. 1993ರಲ್ಲಿ ಅವರಿಗೂ ರೂಕಿ ತಂಡ ಬಂತು, ಡ್ಯಾನ್‌ವಿಲ್ ಬ್ರೇವ್ಸ್. ಅದೇ ಲೀಗ್. ಹೊಸ ಮೈದಾನ. ಮುಂದೆ ಮೇಜರ್ ಲೀಗ್ ತಾರೆಗಳಾದ ಆಂಡ್ರೂ ಜೋನ್ಸ್ 1994ರಲ್ಲಿ, ರೊನಾಲ್ಡ್ ಅಕೂನಾ 2015ರಲ್ಲಿ ಅಲ್ಲಿ ಆಡಿದರು. ಅವರ ತಂಡ ಬರ್ಲಿಂಗ್ಟನ್‌ಗೆ ಬಂದರೆ ತಮ್ಮೂರಿನ ಹಳೇ ಗ್ಯಾಲರಿ ಮುಂದೆಯೇ ಎದುರಾಳಿಯಾಗಿ ಆಡಬೇಕು. ಅವರಿಗೂ 2020ರಲ್ಲಿ ಇದೇ ಗತಿ.

ವಿಶ್ವ:
ಈ ತಂಡ ಕಡಿತದ ಬಗ್ಗೆ ಎಲ್ಲರೂ ಮೇಜರ್ ಲೀಗನ್ನು ಬೈತಾರೆ. ನನಗೆ ಅಷ್ಟು ಬೇಜಾರಿಲ್ಲ. ಹುಡುಗರ ಕಡೆಯಿಂದ ನೋಡಿ. ಆಗ ರೂಕಿ ಮಟ್ಟದಲ್ಲಿ ಕನಿಷ್ಠ ಸಂಬಳ ವಾರಕ್ಕೆ 290 ಡಾಲರ್. ಅದೂ ಸೀಸನ್ ಇರುವಾಗ ಮಾತ್ರ. ಚಳಿಗಾಲದಲ್ಲಿ ಅಂಗಡಿ, ಗೋದಾಮು ಅಂತ ಕೆಲಸ ಹುಡುಕಿಕೊಳ್ಳಬೇಕು. ಆಟಗಾರರು ಕೋರ್ಟಿಗೆ ಹೋಗಿ 2022ರಲ್ಲಿ 185 ಮಿಲಿಯನ್ ಡಾಲರ್‌ಗೆ ರಾಜಿ ಆಯಿತು. ಅದೇ ವರ್ಷ ಯೂನಿಯನ್ ಬಂತು. 2023ರ ಒಪ್ಪಂದದಲ್ಲಿ ರೂಕಿ ಆಟಗಾರನಿಗೆ ವರ್ಷಕ್ಕೆ 19,800 ಡಾಲರ್. ತಂಡಗಳು ಕಡಿಮೆ ಆದ್ದರಿಂದಲೇ ಇದು ಸಾಧ್ಯವಾಯಿತು ಅಂತ ನನ್ನ ಅಭಿಪ್ರಾಯ.

ರಾಯಲ್ ರಾಜೀವ:
ಅದು ಮೇಲಿನವರು ಹೇಳಿಕೊಟ್ಟ ಪಾಠ. ಮೇಜರ್ ಲೀಗ್‌ನಲ್ಲಿ ಒಬ್ಬೊಬ್ಬ ಆಟಗಾರನಿಗೆ ವರ್ಷಕ್ಕೆ ಮೂವತ್ತು, ನಲವತ್ತು ಮಿಲಿಯನ್ ಕೊಡ್ತಾರೆ. ರೂಕಿ ಹುಡುಗರಿಗೆ ಹೊಟ್ಟೆ ತುಂಬ ಊಟ ಹಾಕಲು ಊರಿನ ತಂಡವನ್ನೇ ಮುಚ್ಚಬೇಕಿತ್ತಾ?

ಒಂದು ಮಾತು. 2020ರಲ್ಲಿ ಹಲವು ತಂಡಗಳು ಮೈನರ್ ಲೀಗ್ ಹುಡುಗರನ್ನು ನೂರಾರು ಸಂಖ್ಯೆಯಲ್ಲಿ ಕೈಬಿಟ್ಟಾಗ ಕಾನ್ಸಾಸ್ ಸಿಟಿ ಯಾರನ್ನೂ ಬಿಡಲಿಲ್ಲ. ಆಟ ನಡೆಯದಿದ್ದರೂ ವಾರಕ್ಕೆ 400 ಡಾಲರ್ ಕೊಟ್ಟರು. ಅಂಥ ಯಜಮಾನ ಇದ್ದೂ ಬರ್ಲಿಂಗ್ಟನ್ ಉಳಿಯಲಿಲ್ಲ. ಅದು ಹೊಟ್ಟೆ ಉರಿಸುತ್ತೆ.

ವಿಶ್ವ:
ಡ್ರಾಫ್ಟ್ ಹಿಂದೆ 40 ಸುತ್ತು ಇತ್ತು, 2021ರಿಂದ 20 ಸುತ್ತು. ಅದೂ ಜೂನ್ ಬಿಟ್ಟು ಜುಲೈಗೆ ಹೋಯಿತು. ಆಟಗಾರರೇ ಇಲ್ಲದೆ ಜೂನ್‌ನಲ್ಲಿ ರೂಕಿ ಲೀಗ್ ಹೇಗೆ ಶುರು ಮಾಡ್ತೀರಿ, ಹೇಳಿ?

ಬೇಸ್‌ಬಾಲ್ ಭಟ್ಟ:
ವಿಶ್ವ, 20 ಸುತ್ತು ಅನ್ನೋದು ನಿಯಮ ಮಾಡಿದವರೇ ಮಾಡಿದ ನಿಯಮ. ಮಳೆ, ಬಿಸಿಲು ಅಲ್ಲ.

ಮಾಲತಿ ಅಕ್ಕ:
ನಾವು ರಾಯಲ್ಸ್ ಕಾಲದಲ್ಲಿ ಬರ್ಲಿಂಗ್ಟನ್ ಪಕ್ಕದ ಎಲಾನ್‌ನಲ್ಲಿ ಇದ್ದೆವು. ಆಗ ಪಕ್ಕದ ಮನೆಯವರು ಆಟಗಾರರಿಗೆ ಇರಲು ರೂಮು ಕೊಡುತ್ತಿದ್ದರು. ಒಂದು ಬೇಸಿಗೆ ಅವರ ಮನೆಗೆ ವೆನೆಜುವೆಲಾದ ಪಿಚರ್ ಹುಡುಗ ಬಂದ. ಇಂಗ್ಲಿಷ್ ಒಂದು ಅಕ್ಷರ ಬರಲ್ಲ. ರಾತ್ರಿ ಆಟ ಮುಗಿಸಿ ಹನ್ನೊಂದೂವರೆಗೆ ಬರುವುದು, ಅಡುಗೆಮನೆ ಕಟ್ಟೆಗೆ ಒರಗಿ ನಿಂತೇ ದೊಡ್ಡ ಬಟ್ಟಲಲ್ಲಿ ಸೀರಿಯಲ್ ಸುರಿದುಕೊಂಡು ತಿನ್ನುವುದು. ಬಲಗೈ ಮೊಣಕೈಗೆ ಐಸ್ ಚೀಲ ಕಟ್ಟಿರುತ್ತಿದ್ದರಿಂದ ಎಡಗೈಯಲ್ಲಿ ಚಮಚ. ಹಾಲೆಲ್ಲ ಅಂಗಿ ಮೇಲೆ! ಅವರು ನಮ್ಮನ್ನು ಕರೆದಾಗ ನಾನು ಅನ್ನ, ರಾಜ್ಮಾ ಮಾಡಿಕೊಂಡು ಹೋಗಿದ್ದೆ. ಅವರ ಊರಲ್ಲೂ ಅನ್ನ, ಬೀನ್ಸ್ ಕಾಳೇ ಊಟ ತಾನೆ. ಪಾತ್ರೆ ಖಾಲಿ ಮಾಡಿ, ಸ್ಪ್ಯಾನಿಷ್‌ನಲ್ಲಿ ಅವರಮ್ಮನಿಗೆ ಫೋನ್ ಮಾಡಿ, ನನಗೂ ಮಾತಾಡಲು ಕೊಟ್ಟ. ನಾನು ಏನು ಮಾತಾಡಲಿ? ಇಬ್ಬರೂ ಸುಮ್ನೆ ನಕ್ಕೆವು.

ಆಗಸ್ಟ್ ನಡುವೆ ಒಂದು ದಿನ ಅವನನ್ನು ತಂಡದಿಂದ ಬಿಟ್ಟರು. ಸಂಜೆಯೊಳಗೆ ಬ್ಯಾಗ್ ಕಟ್ಟಿಕೊಂಡು ಹೊರಟ. ನೀವು ಥೋಮಿ, ರಾಮಿರೆಜ್ ಅಂತೀರಿ. ರೂಕಿ ತಂಡ ಅಂದರೆ ಜಾಸ್ತಿ ಇಂಥವರೇ.

ನೇರ ಮಾತು:
ಅಕ್ಕ, ನನ್ನ ಮಾತೂ ಅದೇ. ಹುಡುಗನ ಹೊಟ್ಟೆಪಾಡು ಆ ಆಟದ ಮೇಲೆ ನಿಂತಿತ್ತು. ಈಗ ಆಡುವವರು ಸೆಪ್ಟೆಂಬರ್‌ನಲ್ಲಿ ವಾಪಸ್ ಕಾಲೇಜಿಗೆ ಹೋಗ್ತಾರೆ. ಎರಡೂ ಒಂದೇ ಅಂತ ಹೇಗೆ ಹೇಳೋದು?

ಕಡ್ಲೆಕಾಯಿ ಕಿಟ್ಟಿ:
ಇಷ್ಟು ಹೊತ್ತು ಯಾರೂ ಮುಖ್ಯ ವಿಷಯಕ್ಕೇ ಬಂದಿಲ್ಲ. ಅಲ್ಲಿ ಸಸ್ಯಾಹಾರಿಗಳಿಗೆ ತಿನ್ನಲು ಏನು ಸಿಗುತ್ತೆ?

ಕ್ಯಾರಿ ರಘು:
ನಾಚೋಸ್, ಪಾಪ್‌ಕಾರ್ನ್, ಪ್ರೆಟ್ಜೆಲ್. ಮನೆಯಾಕೆ ಪುಳಿಯೋಗರೆ ತಂದಿದ್ದಳು. ಕಾರ್ ಪಾರ್ಕಿಂಗ್‌ನಲ್ಲೇ ಮುಗಿಸಿ ಒಳಗೆ ಹೋದೆವು.

ಕಡ್ಲೆಕಾಯಿ ಕಿಟ್ಟಿ:
ಹೋಗುವ ದಾರಿಯಲ್ಲಿ ಬೇಯಿಸಿದ ಕಡಲೆಕಾಯಿ ಸಿಕ್ಕರೆ ತಗೊಳ್ಳಿ. ಈ ದಕ್ಷಿಣದ ರಾಜ್ಯಗಳಲ್ಲಿ ಉಪ್ಪು ಹಾಕಿ ಸಿಪ್ಪೆ ಸಮೇತ ಬೇಯಿಸುತ್ತಾರೆ, ಥೇಟ್ ನಮ್ಮ ಬಸವನಗುಡಿ ಪರಿಷೆಯ ರುಚಿ. ಉತ್ತರದ ಕಡೆ ಹುರಿದದ್ದು ಮಾತ್ರ.

ಹಾಸನದ ಹೈದ:
ನಮ್ಮ ಇಂಡಿಯಾದವರು ಯಾರಾದ್ರೂ ರೂಕಿ ಲೀಗ್ ಆಡಿದ್ದಾರಾ? ಬರ್ಲಿಂಗ್ಟನ್ ಇಂಡಿಯನ್ಸ್ ಅಂತ ಹೆಸರು ಕೇಳಿ ಒಂದು ಕ್ಷಣ ನಾವೇ ಅಂದುಕೊಂಡೆ.

ಜಿ.ಎನ್. ಮೂರ್ತಿ:
ಆಡಿದ್ದಾರೆ, ಆದರೆ ಬರ್ಲಿಂಗ್ಟನ್‌ನಲ್ಲಿ ಅಲ್ಲ. ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಕ್ರಿಕೆಟರ್ ರಿಂಕು ಅಲ್ಲ ಮತ್ತೆ. ಇಬ್ಬರೂ ಉತ್ತರ ಪ್ರದೇಶದವರು, ಜಾವೆಲಿನ್ ಎಸೆಯುತ್ತಿದ್ದವರು. 2008ರಲ್ಲಿ ಭಾರತದಲ್ಲಿ ಯಾರು ವೇಗವಾಗಿ ಎಸೀತಾರೆ ಅಂತ ಒಂದು ಟಿವಿ ಸ್ಪರ್ಧೆ ನಡೆಯಿತು. ಅದರಿಂದ ಆರಿಸಿ ಅಮೆರಿಕಕ್ಕೆ ಕರೆತಂದರು. ಅಲ್ಲಿಯ ತನಕ ಬೇಸ್‌ಬಾಲ್ ಗ್ಲೌಸ್ ಹಾಕಿದವರಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್ ಸಹಿ ಮಾಡಿಸಿಕೊಂಡಿತು. 2009ರ ಜುಲೈನಲ್ಲಿ ಫ್ಲಾರಿಡಾದ ಗಲ್ಫ್ ಕೋಸ್ಟ್ ಲೀಗ್‌ನಲ್ಲಿ ಇಬ್ಬರೂ ಆಡಿದರು. ಥೋಮಿ ಸೊನ್ನೆ ಸುತ್ತಿದ್ದು ಅದೇ ಲೀಗ್‌ನಲ್ಲಿ. ದಿನೇಶ್‌ನನ್ನು 2010ರ ಕೊನೆಗೆ ಬಿಟ್ಟರು. ರಿಂಕು ಲೋ ಎ ತನಕ ಹೋದ. ಆಮೇಲೆ ಕೈ ಗಾಯ, ಶಸ್ತ್ರಚಿಕಿತ್ಸೆ. ಮುಂದೆ ವೀರ್ ಮಹಾನ್ ಅಂತ ಕುಸ್ತಿ ಟಿವಿಯಲ್ಲಿ ಬಂದನಲ್ಲ, ಅವನೇ.

ಹಾಸನದ ಹೈದ:
ಅವನಾ?! ಆ ಹಣೆಗೆ ವಿಭೂತಿ ಹಚ್ಚಿಕೊಂಡು ಬರ್ತಿದ್ದವನು? ದೇವ್ರಾಣೆ ಗೊತ್ತಿರಲಿಲ್ಲ.

ವಿಶ್ವ:
ನಮ್ಮ ಮಕ್ಕಳು ಮಾರಿಸ್‌ವಿಲ್ ಚರ್ಚ್ ಸ್ಟ್ರೀಟ್ ಪಾರ್ಕ್‌ನಲ್ಲಿ ಕ್ರಿಕೆಟ್ ಆಡೋದೇ ವಾಸಿ. ಅಲ್ಲಿ ಮೇಜರ್ ಲೀಗ್ ಕ್ರಿಕೆಟ್ ಪಂದ್ಯಗಳೂ ನಡೆದಿವೆ.

ಬೇಸ್‌ಬಾಲ್ ಭಟ್ಟ:
ಎಳೆ ಎಲ್ಲಿಂದ ಎಲ್ಲಿಗೆ ಹೋಯ್ತು ನೋಡಿ. ವಾಪಸ್ ಬನ್ನಿ.

ನೇರ ಮಾತು ಅವರೇ, ದಾಖಲೆ ಪುಸ್ತಕದಲ್ಲಿ ನೀವು ಹೇಳಿದ್ದೇ ಸರಿ. 2019ರ ಸೀಸನ್ ಕೊನೆ. ಸಾಕ್ ಪಪೆಟ್ಸ್ ಅಂಕಿಗಳನ್ನು ಯಾರೂ ರಾಯಲ್ಸ್ ಅಂಕಿಗಳಿಗೆ ಕೂಡಿಸಲ್ಲ. ಆದರೆ ಆ ಹೆಸರು ಎಲ್ಲಿಂದ ಬಂತು ಅಂತ ಯೋಚಿಸಿ. ಬರ್ಲಿಂಗ್ಟನ್ ಒಂದು ಕಾಲದಲ್ಲಿ ಕಾಲುಚೀಲ, ಬಟ್ಟೆ ಮಿಲ್‌ಗಳ ಊರು. ಬರ್ಲಿಂಗ್ಟನ್ ಇಂಡಸ್ಟ್ರೀಸ್ ಶುರುವಾಗಿದ್ದೇ ಅಲ್ಲಿ, 1923ರಲ್ಲಿ. ಇಂಡಿಯನ್ಸ್, ರಾಯಲ್ಸ್ ಎರಡೂ ಮೇಲಿನ ಯಜಮಾನರು ಕೊಟ್ಟ ಹೆಸರು. ಊರು ತನ್ನ ಕೆಲಸದ ನೆನಪಿಗೆ ತಾನೇ ಇಟ್ಟುಕೊಂಡ ಹೆಸರು ಇದೇ. ಯಜಮಾನ ಬಿಟ್ಟು ಹೋದ ಮೇಲೆ ತಂಡ ಊರಿನದ್ದಾಯಿತು ಅಂತ ನಾನಂತೂ ಹೇಳ್ತೀನಿ.

ನೇರ ಮಾತು:
ಚೆನ್ನಾಗಿ ಹೇಳಿದ್ರಿ. ಒಪ್ಪಲ್ಲ. ಊರಿನದ್ದು ಆಯಿತು ಅಂದರೆ ಹೊಸ ತಂಡ ಹುಟ್ಟಿತು ಅಂತಲೇ ಅರ್ಥ.

ಸುಮಾ ಡರ್ಹಮ್:
ನಿಮ್ಮಿಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಒಂಬತ್ತು ಇನಿಂಗ್ಸ್ ತೋರಿಸಬೇಕು.

ಕ್ಯಾರಿ ರಘು:
ಮಗನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವನ ಪ್ರಶ್ನೆ ಒಂದೇ: "ಡ್ಯಾನ್‌ವಿಲ್‌ನವರು ಗ್ಯಾಲರಿ ವಾಪಸ್ ಕೇಳಲಿಲ್ವಾ?"

ಶನಿವಾರದ ಆಟಕ್ಕೆ ಯಾರ್ಯಾರು ಬರ್ತೀರಿ? ಕಾರಿನಲ್ಲಿ ಮೂರು ಸೀಟಿದೆ. ಕಿಟ್ಟಿ, ಕಡಲೆಕಾಯಿ ನಿಮ್ಮ ಜವಾಬ್ದಾರಿ.

ಕಡ್ಲೆಕಾಯಿ ಕಿಟ್ಟಿ:
ಒಂದು ಸೀಟು ನಂದು. ಬಿಸಿಲು ಬೀಳದ ಕಡೆ ಟಿಕೆಟ್ ಮಾಡಿಸಿ ಸ್ವಾಮಿ.